ಪುಸ್ತಕ ತಲೆಕೆಳಗು ಮಾಡಿ ಕೊಡುತ್ತಿದ್ದ ಮೇಷ್ಟ್ರು

ನಾವು ಸರಾಗವಾಗಿ ಓದತೊಡಗಿದರೆ ಶಿವನಂಜಯ್ಯ ಮೇಷ್ಟ್ರಿಗೆ ಅನುಮಾನ ಬರುತ್ತಿತ್ತು. ಮೆಲ್ಲಗೆ ಹಿಂದಿನಿಂದ ಬಂದು ಪುಸ್ತಕ ಕಿತ್ತುಕೊಂಡು, ತಲೆಕೆಳಗು ಮಾಡಿ ಮತ್ತೆ ಕೈಗಿಡುತ್ತಿದ್ದರು. ಮೊದಲ ಸಲ ಹಾಗೆ ಮಾಡಿದಾಗ ನಾನು ಒಂದಕ್ಷರವೂ ತಡವರಿಸದೆ, ಅದೇ ಓಟದಲ್ಲಿ ಪಾಠ ಮುಗಿಸಿ ಶಹಬಾಸ್‌ಗಿರಿಗಾಗಿ ಅವರ ಮುಖ ನೋಡಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಒಪ್ಪಿಸ್ದೆ ಕಣೋ ಮಾದೇವ, ಓದ್ಲಿಲ್ಲ."

ಅವರ ಕೋಟಿನ ಜೇಬಿನಲ್ಲಿ ಸದಾ ಹುರಿಗಡಲೆ. ಓದಿದ್ದರ ಅರ್ಥ ಸರಿಯಾಗಿ ಹೇಳಿದರೆ ನಮಗೊಂದು ಹಿಡಿ. ತಪ್ಪಿದರೆ ಅವರೇ ನಮ್ಮೆದುರು ನಿಧಾನವಾಗಿ ಅಗಿದು ತಿನ್ನುತ್ತಿದ್ದರು. ಆ ವರ್ಷದ ಮೊದಲರ್ಧವೆಲ್ಲ ಅವರೇ ತಿಂದರು.

ಬಿಳಿಗೆರೆ ಪಕ್ಕದ ನಮ್ಮೂರಿನ ಶಾಲೆ ಆಗ ಕಷ್ಟದಲ್ಲಿತ್ತು. ಹಿಂದಿನ ವರ್ಷ ಇನ್‌ಸ್ಪೆಕ್ಟರು ಬಂದು, ಮೊದಲು ಕಂಡಿರದ ಪಾಠ ಓದಿಸಿ ಅರ್ಥ ಕೇಳಿದಾಗ ಇಡೀ ನಾಲ್ಕನೇ ಕ್ಲಾಸು ಮುಗ್ಗರಿಸಿತ್ತು. ಈ ಸಲವೂ ಹಾಗಾದರೆ ಶಾಲೆಗೆ ಬೀಗ, ಮೇಷ್ಟ್ರಿಗೆ ಎಲ್ಲಿಗೋ ವರ್ಗ ಎಂದು ಪಟೇಲರೇ ಹೇಳಿದ್ದರು. ಮೇಷ್ಟ್ರನ್ನು ಕಳೆದುಕೊಳ್ಳುವ ಮಾತನ್ನು ನಮಗೆ ಸಹಿಸಲಾಗಲಿಲ್ಲ.

ಮೇಷ್ಟ್ರು ಬಾಯಿಪಾಠದ ಪುಸ್ತಕ ಪಕ್ಕಕ್ಕಿಟ್ಟು, ಊರವರಿಗೆ ಬಂದ ಕಾಗದಗಳನ್ನು ನಮ್ಮಿಂದ ಓದಿಸತೊಡಗಿದರು. ಓದು ಬಾರದವರು ಕೇಳುವಷ್ಟು ಪ್ರಶ್ನೆ ಇನ್‌ಸ್ಪೆಕ್ಟರೂ ಕೇಳಲಾರರು ಎಂಬುದು ಅವರ ಲೆಕ್ಕ.

ನನ್ನ ಪಾಲಿಗೆ ಬಂದದ್ದು ಚಿಕ್ಕತಾಯಮ್ಮಜ್ಜಿಯ ಕಾಗದ. ಅವಳ ಮಗ ಕೋಲಾರದ ಗಣಿಯಲ್ಲಿದ್ದ. ರಜೆ ಸಿಕ್ಕರೆ ಯುಗಾದಿಗೆ ಬರುತ್ತೇನೆ ಎಂದು ಬರೆಸಿದ್ದ. ಅಜ್ಜಿಯ ಮುಖ ನೋಡಿ, ರಜೆಯ ಮಾತನ್ನು ನುಂಗಿಕೊಂಡು, ಹಬ್ಬಕ್ಕೆ ಬರುತ್ತಾನಂತೆ ಎಂದುಬಿಟ್ಟೆ. ಹಬ್ಬದ ದಿನ ಅಜ್ಜಿ ಹೊತ್ತು ಇಳಿಯುವವರೆಗೂ ರಸ್ತೆಯಲ್ಲಿ ನಿಂತಿದ್ದಳು. ಮಗ ಬರಲಿಲ್ಲ. ಮಾರನೆಯ ದಿನ ಮೇಷ್ಟ್ರು ಆ ಕಾಗದ ತರಿಸಿ ಓದಿದವರೇ, ನನ್ನನ್ನು ಅವಳ ಜಗಲಿಗೆ ಕರೆದುಕೊಂಡು ಹೋಗಿ ಮೊದಲಿಂದ ಓದಿಸಿದರು.

ಅಜ್ಜಿ ಬೈಯಲಿಲ್ಲ. "ಸಿಕ್ಕುದ್ರೆ ಅಂತ ಬರ್ಸವ್ನಾ? ಅವತ್ತೇ ಏಳ್ಬಾರ್ದಾಗಿತ್ತಾ ಮಗಾ? ಒಬ್ಬಟ್ಟು ಎಂಗಿದ್ರೂ ಮಾಡ್ತಿದ್ದೆ. ಬಿಸ್ಲಲ್ಲಿ ನಿಂತ್ಕೊತಿರ್ನಿಲ್ಲ ಅಷ್ಟೇಯ." ಎಂದು ಎರಡು ಒಬ್ಬಟ್ಟು ಕೊಟ್ಟಳು.

ದಾರಿಯಲ್ಲಿ ಮೇಷ್ಟ್ರು ಹೇಳಿದ್ದು ಇಷ್ಟೇ: "ಇರೋದು ಬಿಡ್ಬೇಡ, ಇಲ್ದಿರೋದು ಸೇರಿಸ್ಬೇಡ. ಇದಕ್ಕಿಂತ ದೊಡ್ಡ ಪಾಠ ನನ್ಹತ್ರ ಇಲ್ಲಪ್ಪ."

ಇನ್‌ಸ್ಪೆಕ್ಟರು ಸರಿಗೆ ರುಮಾಲು ಸುತ್ತಿ, ಕುದುರೆಯ ಮೇಲೆ ಬಂದರು. ನಾವು ಕಂಡಿರದ ಪುಸ್ತಕ ತೆಗೆದು, ಮಡಕೆ ಹೊತ್ತ ಕುಂಬಾರನೊಬ್ಬ ಮಳೆಗೆ ಸಿಕ್ಕಿ ಮರದಡಿ ನಿಂತ ಕಥೆಯನ್ನು ಓದಿಸಿದರು. ತಡವರಿಸುತ್ತಲೇ ಓದಿದೆವು. ಆಮೇಲೆ, ಕುಂಬಾರನ ಊರು ಯಾವುದು ಎಂದು ಕೇಳಿದರು. ಮೊದಲನೆಯವನು ಸುತ್ತೂರು ಅಂದ. ಎರಡನೆಯವನು ಧೈರ್ಯವಾಗಿ ತಗಡೂರು ಅಂದ. ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು. ಸರದಿ ನನಗೆ ಬಂತು. ಪುಟದ ಮೇಲೆ ಬೆರಳಿಟ್ಟು ನೋಡಿದೆ.

"ಅದು ಇದ್ರಲ್ಲಿ ಬರ್ದಿಲ್ಲ ಸ್ವಾಮಿ."

"ಸರಿಯಾಗಿ ನೋಡು."

ಮತ್ತೊಮ್ಮೆ ಬೆರಳಿಟ್ಟು ನೋಡಿದೆ. "ನೋಡ್ದೆ ಸ್ವಾಮಿ. ಮಡ್ಕೆ ಐತೆ, ಮಳೆ ಐತೆ, ಮರ ಐತೆ. ಊರಿಲ್ಲ."

ಇನ್‌ಸ್ಪೆಕ್ಟರ ಮೀಸೆ ಅಲುಗಿತು. ಉಳಿದ ಪ್ರಶ್ನೆಗಳಿಗೆ ಎಲ್ಲ ಹುಡುಗರೂ ಪುಸ್ತಕ ನೋಡಿಯೇ ಉತ್ತರಿಸಿದರು. ಶಾಲೆ ಉಳಿಯಿತು. ಅಂದು ಜೇಬು ಖಾಲಿಯಾಗುವವರೆಗೂ ನಮಗೆ ಹುರಿಗಡಲೆ.

ನನ್ನ ಓದು ಆ ವರ್ಷಕ್ಕೇ ಮುಗಿಯಿತು, ಅಪ್ಪನ ಜೊತೆ ಗಾರೆ ಕೆಲಸಕ್ಕೆ ಇಳಿದೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ನಾನೆತ್ತಿದ ಗೋಡೆಗಳು ನಂಜನಗೂಡಿನಲ್ಲಿ ನೆಟ್ಟಗೆ ನಿಂತಿವೆ, ಓದಿ ತಿಳಿಯದ ಕಾಗದಕ್ಕೆ ನಾನು ಈವರೆಗೆ ಸಹಿ ಹಾಕಿಲ್ಲ.

ಪರೀಕ್ಷೆಯಾಗಿ ತಿಂಗಳೊಳಗೆ ಹುಕುಂ ಬಂತು. ಇಷ್ಟು ಚೆನ್ನಾಗಿ ಕಲಿಸುವವರು ಸಣ್ಣ ಊರಲ್ಲಿರಬಾರದಂತೆ. ಮೇಷ್ಟ್ರಿಗೆ ತಿರುಮಕೂಡಲು ನರಸೀಪುರದ ದೊಡ್ಡ ಶಾಲೆಗೆ ಬಡ್ತಿ. ಅವರ ಹಾಸಿಗೆ ಸುರುಳಿಯನ್ನು ಗಾಡಿಗೆ ಏರಿಸಿದವನು ನಾನೇ.

"ನಿಮ್ಮನ್ನ ಉಳಿಸ್ಕೊಳ್ಳಾಕೇಂತ ಪಾಸಾದೊ ಮೇಷ್ಟ್ರೇ," ಎಂದೆ.

"ಸ್ಕೂಲು ಉಳೀತಲ್ಲೋ. ಸಾಲ್ದಾ ನಿಂಗೆ?"

"ಸಾಲ್ದು."

ಮೇಷ್ಟ್ರು ನನ್ನ ತಲೆ ಸವರಿ ಗಾಡಿ ಹತ್ತಿದರು. ಗಾಡಿ ನರಸೀಪುರದ ದಾರಿ ಹಿಡಿಯಿತು. ಆಮೇಲೆ ಅವರನ್ನು ನಾನು ನೋಡಲಿಲ್ಲ.