ನೀಲಗಿರಿ ಎಣ್ಣೆ ಹಾಕಿದ ಕರ್ಚೀಫು

ಸೂಪ್ ಕುಡಿಯುವಾಗ ಸದ್ದು ಮಾಡಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಹತ್ತು ವರ್ಷ ಕಲಿಸಿದರು. ಮುಂದೊಂದು ದಿನ ಸೊರ್ರೆಂದು ಸದ್ದು ಮಾಡಿ ಕುಡಿಯುವುದಕ್ಕೇ ನನಗೆ ಸಂಬಳ ಸಿಗುತ್ತದೆಂದು ಪಾಪ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಬೆಳೆಗಾರರು ಸರ್ಕಾರಿ ಮಂಡಳಿಗೇ ಕೊಡಬೇಕಿದ್ದ ತಮ್ಮ ಕಾಫಿಯನ್ನು ತಾವೇ ಮಾರಬಹುದೆಂದು ಆಗಿ ಹೆಚ್ಚು ಕಾಲವಾಗಿರಲಿಲ್ಲ. ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ, ಅಂದರೆ ತೋಟಗಳಿಂದ ಬಂದ ಪಾರ್ಚ್‌ಮೆಂಟ್ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ನಾನು ಇಂಗ್ಲಿಷ್ ಪತ್ರಗಳನ್ನು ಟೈಪ್ ಮಾಡಲು ಸೇರಿದೆ. ಆಗ ನನಗೆ ನಲವತ್ತಾರು. ಒಂದು ದಿನ ಬಾಸ್ ಮೇಜಿನ ಮೇಲಿದ್ದ ಸ್ಯಾಂಪಲ್ ತಟ್ಟೆಯ ಹತ್ತಿರ ನಿಂತವಳು, ಇದಕ್ಕೆ ಹಳೇ ಗೋಣಿಚೀಲದ ವಾಸನೆ ಇದೆಯಲ್ಲ ಸರ್ ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಅವರು ತಟ್ಟೆಯನ್ನು ಮೂಸಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಮುಂದಿನ ವಾರ ನನ್ನನ್ನು ಟೇಸ್ಟಿಂಗ್ ರೂಮಿಗೆ ಹಾಕಿದರು. ಆರು ತಿಂಗಳು ಟ್ರಯಲ್, ಟೈಪಿಂಗೂ ಜೊತೆಗೇ ನಡೆಯಲಿ ಎಂದರು.

ಆ ಕೋಣೆಗೆ ಅದರದೇ ಮಡಿ ಇತ್ತು. ಪೌಡರ್ ಹಚ್ಚುವಂತಿಲ್ಲ, ಈರುಳ್ಳಿ ತಿಂದು ಬರುವಂತಿಲ್ಲ, ಮಲ್ಲಿಗೆ ಮುಡಿಯುವಂತಿಲ್ಲ. ಬೋಳು ತಲೆಯಲ್ಲಿ ಹೋಗಲು ಮನಸ್ಸಾಗದೆ ನಾನು ಕನಕಾಂಬರ ಮುಡಿಯುತ್ತಿದ್ದೆ. ಅದಕ್ಕೆ ಬಣ್ಣವಲ್ಲದೆ ವಾಸನೆ ಎಲ್ಲಿದೆ? ಕೊಳ್ಳುವ ಮೊದಲು ರುಚಿ ನೋಡಲು ಒಬ್ಬೊಬ್ಬ ಬೆಳೆಗಾರನ ಕಾಫಿಗೂ ಐದೈದು ಕಪ್. ಹುರಿದ ಪುಡಿಯ ಮೇಲೆ ಕುದಿನೀರು ಹಾಕಿ, ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಚಮಚದಿಂದ ಒಡೆದು, ಆ ಕ್ಷಣದ ಹಬೆಗೆ ಮೂಗು ಕೊಡಬೇಕು. ಚಮಚವನ್ನು ಬಿಸಿನೀರಿನಲ್ಲಿ ಅದ್ದಿ, ಪಕ್ಕದ ಬಿಳಿ ಬಟ್ಟೆಗೆ ಒರೆಸಿ, ಮುಂದಿನ ಕಪ್ಪು. ಆಮೇಲೆ ಸೊರ್ರೆಂದು ಹೀರಿ ಉಗುಳುವುದು. ಪದರ ಒಡೆಯುವ ಕೆಲಸ ನನ್ನದಾಗಿತ್ತು.

ಅಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಸೀನಿಯರ್ ಒಬ್ಬರು ಮೊದಲ ದಿನವೇ ನನಗೆ ಕೇಳುವಂತೆ ಬಾಸ್ ಹತ್ತಿರ, "ಹೆಂಗಸರಿಗೆ ಮೂಗು ಇರ್ತದೆ ಸರ್. ಆದ್ರೆ ಲೀವೂ ಇರ್ತದೆ" ಎಂದಿದ್ದರು. ಬಾಸ್ ಹ್ಞೂಂ ಎಂದಿದ್ದರು, ಅಷ್ಟೆ. ಆ ಹ್ಞೂಂ ಅನ್ನು ನಾನು ಐದು ತಿಂಗಳು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ಬಾಸ್ ಆದರೂ ಎಂಥವರು? ಕಾಲು ಮುರಿದಾಗ ಪ್ಲಾಸ್ಟರ್ ಸಮೇತ ಜೀಪಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿ ಆಫೀಸಿಗೆ ಬಂದವರು. ಅಂಥವರ ಹತ್ತಿರ ನೆಗಡಿಗೆ ಸಿಕ್ ಲೀವ್ ಕೇಳುವುದೇ?

ಕೇಳಬೇಕಾಗಿ ಬಂದದ್ದು ಫೆಬ್ರವರಿಯಲ್ಲಿ. ಹಿಂದಿನ ಸಂಜೆಯಿಂದ ಸೀನು, ಬೆಳಗ್ಗೆ ಏಳುವಾಗ ಮೂಗಿಗೆ ಬೆಣೆ ಹೊಡೆದ ಹಾಗೆ. ಎದೆಗೆ, ಕತ್ತಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡೆ, ಕರ್ಚೀಫಿಗೂ ಧಾರಾಳವಾಗಿ ಹಾಕಿಕೊಂಡೆ. ಫೋನ್ ಎತ್ತಿ ಆಫೀಸಿನ ನಂಬರ್ ಅರ್ಧ ತಿರುಗಿಸುವುದು, ಇಡುವುದು. ಮೂರು ಸಲ ಹೀಗಾಯಿತು. ನಮ್ಮ ಮನೆಯವರದು ಮನೆಯ ಮುಂಭಾಗದಲ್ಲೇ ನೋಟ್‌ಬುಕ್ಕು, ಪೆನ್ನುಗಳ ಅಂಗಡಿ. ಬಾಗಿಲು ತೆಗೆಯುತ್ತಿದ್ದವರು ನನ್ನ ಅವಸ್ಥೆ ನೋಡಿ, ನೀನು ಒಂದು ದಿನ ಹೋಗದಿದ್ದರೆ ಊರಿನ ಕಾಫಿಯೆಲ್ಲ ಕಹಿಯಾಗುವುದಿಲ್ಲ, ಮಲಗು ಎಂದರು. ಟ್ರಯಲ್ ಮುಗಿಯಲು ಇನ್ನೊಂದೇ ತಿಂಗಳು, ಈಗ ಲೀವ್ ಹಾಕಿದರೆ ಆ ಸೀನಿಯರ್ ಬಾಯಿಗೆ ಸಕ್ಕರೆ ಹಾಕಿದ ಹಾಗೆ ಎಂದು ನಾನು ಹೊರಟೆ.

ಆಫೀಸಿನ ಜಗಲಿಯ ಬೆಂಚಿನ ಮೇಲೆ ಜಾವಳಿ ಕಡೆಯ ಬೆಳೆಗಾರರೊಬ್ಬರು ಕೂತಿದ್ದರು. ಚಿಕ್ಕ ತೋಟದವರು. ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದರು. ಸ್ವಂತವಾಗಿ ಮಾರುತ್ತಿದ್ದುದು ಅವರಿಗೆ ಅದೇ ಮೊದಲ ವರ್ಷ. ಅವರೂ ಹೆಂಡತಿಯೂ ನಿಂತು ಬರೀ ಕೆಂಪು ಹಣ್ಣನ್ನೇ ಬಿಡಿಸಿ ಮಾಡಿದ ಕಾಫಿ ಎಂದು ಮೊದಲೇ ಹೇಳಿದ್ದರು. ಆ ವರ್ಷದ ಅವರ ಇಡೀ ಬೆಳೆ ಅಂದಿನ ಐದು ಕಪ್ಪಿನ ಮೇಲೆ ನಿಂತಿತ್ತು.

ಅವರದೇ ಮೊದಲು ಬಂತು. ನಾನು ಪದರ ಒಡೆದೆ, ಹಬೆಗೆ ಬಗ್ಗಿದೆ. ಬಿಸಿ ತಾಗಿತು, ಇನ್ನೇನೂ ಇಲ್ಲ. ಬಿಸಿನೀರಿಗೂ ಕಾಫಿಗೂ ವ್ಯತ್ಯಾಸ ತಿಳಿಯಲಿಲ್ಲ. ಆದರೂ ಗಂಭೀರವಾಗಿ ತಲೆಯಾಡಿಸಿ ಐದೂ ಕಪ್ ಮುಗಿಸಿ, ನಮ್ಮ ಟೇಸ್ಟಿಂಗ್ ಕಾಗದದ ಮೇಲೆ ಕ್ಲೀನ್, ಅಂದರೆ ದೋಷವಿಲ್ಲ, ಎಂದು ಬರೆದೆ. ಮೂಗಿಲ್ಲದವಳು ಬರೆದ ಸರ್ಟಿಫಿಕೇಟು. ಮೂಗು ಎಳೆದುಕೊಳ್ಳುವ ಸದ್ದು ಕೇಳಿಸಬಾರದೆಂದು ದೂರ ಕಿಟಕಿಯ ಹತ್ತಿರ ಹೋಗಿ ನಿಂತೆ.

ಬಾಸ್ ಬಂದರು. ಹೀರಿದರು, ಉಗುಳಿದರು. ಹುಬ್ಬು ಗಂಟಾಯಿತು. ಎರಡನೇ ಕಪ್, ಮೂರನೆಯದು. "ಮೆಡಿಸಿನಲ್" ಎಂದರು. ಕಾಫಿಗೆ ಔಷಧಿಯ ವಾಸನೆ ಹತ್ತುವ ಒಂದು ಕೆಟ್ಟ ದೋಷವಿದೆ, ಅದಕ್ಕೆ ಆ ಹೆಸರು. ಅದು ಇದ್ದರೆ ಆ ಕಾಫಿಯನ್ನು ಒಳ್ಳೆಯದರ ಹತ್ತಿರವೂ ಸೇರಿಸುವುದಿಲ್ಲ. ಸೀನಿಯರ್ ಹೀರಿ ನೋಡಿ ಹೌದು ಸರ್, ಐದೂ ಹಾಗೇ ಇದೆ ಎಂದರು. ನಾನು ಕ್ಲೀನ್ ಎಂದು ಬರೆದ ಕಾಗದವನ್ನು ಬಾಸ್ ಓದಿದರು. ಈ ಲಾಟ್ ಬೇಡವೆಂದು ಪತ್ರ ಟೈಪ್ ಮಾಡಿ ಹೊರಗೆ ಕೂತವರಿಗೆ ಕೊಡಿ ಎಂದಷ್ಟೇ ಹೇಳಿ ತಮ್ಮ ಕೋಣೆಗೆ ಹೋದರು.

ಟೈಪ್‌ರೈಟರ್ ಇದ್ದದ್ದು ಜಗಲಿಯ ಕಿಟಕಿಯ ಪಕ್ಕ. 'ವಿ ರಿಗ್ರೆಟ್' ಎಂದು ಹೊಡೆದಿದ್ದೆ. ಆಗ ಆ ಬೆಳೆಗಾರರು ಎದ್ದು ಕಿಟಕಿಯ ಸರಳಿನ ಹತ್ತಿರ ಬಂದರು. ರಿಸಲ್ಟ್ ಕೇಳುತ್ತಾರೆಂದು ನಾನು ತಲೆ ತಗ್ಗಿಸಿದೆ.

"ಅಮ್ಮಾ, ನಿಮಗೆ ಭಾರೀ ಶೀತ ಆಗಿದೆಯಾ? ನೀಲಗಿರಿ ಎಣ್ಣೆ ವಾಸನೆ ಆ ಬೆಂಚಿನವರೆಗೂ ಬರ್ತಾ ಉಂಟು. ಬಿಸಿನೀರಿಗೆ ಕಾಳುಮೆಣಸು ಹಾಕಿ ಕುಡೀರಿ."

ನನ್ನ ಮಡಿಲಲ್ಲಿದ್ದ ಕರ್ಚೀಫನ್ನು ನೋಡಿದೆ. ಬಿಳಿ ಕರ್ಚೀಫು. ಅದರ ತುಂಬ ಕಾಫಿಯ ಕಲೆ, ಚಮಚದ ಅಗಲದ ಐದು ಕಂದು ಗುರುತು. ಮೇಜಿನ ಮೇಲಿದ್ದ ಬಿಳಿ ಬಟ್ಟೆಯೆಂದುಕೊಂಡು ಪ್ರತಿ ಸಲವೂ ಚಮಚವನ್ನು ಇದಕ್ಕೇ ಒರೆಸಿ ಮುಂದಿನ ಕಪ್ಪಿಗೆ ಅದ್ದಿದ್ದೆ. ಮೊದಲ ಕಪ್ಪಿಗೂ ಮುಂಚೆ ಒಮ್ಮೆ ಒರೆಸಿದ್ದೆ, ನೀಟಾಗಿರಲಿ ಎಂದು. ಕೋಣೆಯೆಲ್ಲ ವಾಸನೆ ಇದ್ದಿರಬೇಕು. ಅವರಿಬ್ಬರೂ ಅದನ್ನು ಕಾಫಿಯದೇ ಎಂದುಕೊಂಡರು, ನನಗಂತೂ ಗೊತ್ತೇ ಆಗಲಿಲ್ಲ.

ಆ ಪತ್ರ ಮುಗಿಸಿ ಕೊಟ್ಟುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ನನಗೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ನಿಮಿಷ ಬಂತು. ಆದರೆ ಆ ಮನುಷ್ಯ ಇನ್ನೂ ಕಿಟಕಿಯ ಹತ್ತಿರವೇ ನಿಂತು, ಕಾಳುಮೆಣಸಿನ ಜೊತೆಗೆ ಬೆಲ್ಲ ಹಾಕಬಹುದೆಂದು ಹೇಳುತ್ತಿದ್ದರು. ನಾನು ಕಾಗದವನ್ನು ಟೈಪ್‌ರೈಟರಿನಿಂದ ಎಳೆದು ತೆಗೆದು ಬಾಸ್ ಕೋಣೆಗೆ ಹೋದೆ. ಮೇಜಿನ ಮೇಲೆ ಕರ್ಚೀಫು ಇಟ್ಟೆ. ಔಷಧಿ ಕಾಫಿಯಲ್ಲಿಲ್ಲ ಸರ್, ಇದರಲ್ಲಿದೆ, ನನಗೆ ನಿನ್ನೆಯಿಂದ ಮೂಗೇ ಇಲ್ಲ ಎಂದೆ.

ಬಾಸ್ ಬಗ್ಗಿ ಕರ್ಚೀಫು ಮೂಸಿದರು. ಆವರೆಗೆ ನನ್ನನ್ನು ಮೇಡಂ ಎಂದಲ್ಲದೆ ಕರೆದವರಲ್ಲ.

"ಅಲ್ಲ ಮಾರಾಯ್ತಿ," ಎಂದರು, "ಶೀತ ಅಂತ ಒಂದು ಫೋನ್ ಮಾಡ್ಲಿಕ್ಕೆ ಏನಾಗಿತ್ತು ನಿಮಗೆ?"

"ಲೀವ್ ಕೇಳಿದ್ರೆ ಬೈತೀರಿ ಅಂತ, ಸರ್."

"ಬೈತಿದ್ದೆ. ಬೈಸ್ಕೊಂಡು ಮನೇಲಿ ಮಲಗ್ಬೇಕಿತ್ತು."

ಆಮೇಲೆ ಸೀನಿಯರನ್ನು ಕೂಗಿ, ಜಾವಳಿ ಲಾಟಿನ ಹೊಸ ಕಪ್ ಇಡಿ, ಕೋಣೆಯ ಕಿಟಕಿಯೆಲ್ಲ ತೆಗೀರಿ, ಈ ಅಮ್ಮ ಒಳಗೆ ಕಾಲಿಡಬಾರದು ಎಂದರು. ನಿಮಗೆ ಮೂಗು ಚೆನ್ನಾಗಿತ್ತಲ್ಲ, ಅಷ್ಟು ಹತ್ತಿರ ಇದ್ದೂ ತಿಳಿಯಲಿಲ್ಲವಾ ಎಂದು ಅವರಿಗೂ ಒಂದು ಬಿತ್ತು. ನನಗೂ ತಿಳಿಯಲಿಲ್ಲ ಎಂದು ಬಾಸ್ ತಮ್ಮ ಬಗ್ಗೆಯೂ ಗೊಣಗಿಕೊಂಡರು.

ನಾನು ಜಗಲಿಗೆ ಹೋಗಿ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಮುಚ್ಚಿಟ್ಟು ಕೂರಲಾಗದೆ ಆ ಬೆಳೆಗಾರರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ನಗಲೂ ಇಲ್ಲ. ಬಾಗಿಲ ಕಡೆಗೇ ನೋಡುತ್ತಿದ್ದರು. ಒಳಗಿನಿಂದ ಸೊರ್ರ್, ಸೊರ್ರ್ ಎಂದು ಸದ್ದು ಬರುತ್ತಿತ್ತು. ನಾವಿಬ್ಬರೂ ಎಣಿಸುತ್ತಿದ್ದೆವು ಎಂದು ಕಾಣುತ್ತದೆ. ಐದನೆಯದಾದ ಮೇಲೆ ಇನ್ನೊಂದು ಸೊರ್ರ್ ಕೇಳಿಸಿತು. ಮೊದಲನೆಯ ಕಪ್ಪಿಗೆ ಮತ್ತೆ ಹೋದರೆಂದು ನನಗೆ ಅರ್ಥವಾಯಿತು; ಚೆನ್ನಾಗಿದ್ದರೆ ಮಾತ್ರ ಬಾಸ್ ಹಾಗೆ ಮತ್ತೆ ಹೋಗುತ್ತಿದ್ದದ್ದು.

ಬಾಸ್ ಬಾಗಿಲಿಗೆ ಬಂದು, "ಒಳ್ಳೇ ಕಾಫಿ ಮಾಡಿದ್ದೀರಿ" ಎಂದರು.

ಬೆಳೆಗಾರರು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. ನನ್ನ ಕಡೆ ತಿರುಗಿ, "ಸದ್ಯ ಅಮ್ಮಾ, ಕಾಯಿಲೆ ನನ್ನ ಕಾಫಿಗಲ್ಲ, ನಿಮಗೆ" ಎಂದರು. ಆಗ ಮೊದಲ ಸಲ ಮೂವರೂ ನಕ್ಕೆವು. ನಕ್ಕದ್ದಕ್ಕೆ ನನಗೆ ನಾಲ್ಕು ಸೀನು ಬಂದವು. ಮೂರು ದಿನ ಈ ಗೇಟಿನ ಹತ್ತಿರ ಕಾಣಿಸಬೇಡಿ ಎಂದು ಬಾಸ್ ಜೀಪಿನ ಡ್ರೈವರನ್ನು ಕರೆದರು.

ಟ್ರಯಲ್ ಮುಗಿದು ನಾನು ಅಲ್ಲೇ ಉಳಿದೆ, ಮತ್ತೆ ಎಂಟು ವರ್ಷ. ಒಂದು ಬೆಳಗ್ಗೆ ಬಾಸೇ ನನ್ನ ಮನೆಗೆ ಫೋನ್ ಮಾಡಿ, ಕಟ್ಟಿದ ಗಂಟಲಿನಲ್ಲಿ, ನನಗೆ ಶೀತ, ಇವತ್ತು ನೀವೇ ನೋಡಿಕೊಳ್ಳಿ ಎಂದದ್ದೂ ಉಂಟು. ಬೈಯುವ ಸರದಿ ನನ್ನದಾಗಿತ್ತು, ಬಿಟ್ಟುಬಿಟ್ಟೆ.

ಕರ್ಚೀಫಿನ ಆ ದಿನ ಹನ್ನೊಂದು ಗಂಟೆಗೇ ಜೀಪಿನಿಂದ ಇಳಿದವಳನ್ನು ನೋಡಿ ನಮ್ಮ ಮನೆಯವರು ಅಂಗಡಿಯಿಂದಲೇ ಗಾಬರಿಯಲ್ಲಿ ಎದ್ದರು. ಏನಾಯಿತು, ಬಾಸ್ ಏನೆಂದರು ಎಂದು ಕೇಳಿದರು.

"ಬೈದ್ರು" ಎಂದೆ. ನನ್ನ ಮುಖದಲ್ಲಿ ಏನಿತ್ತೋ, ಅವರು ಮತ್ತೇನೂ ಕೇಳದೆ ಒಳಗೆ ಹೋಗಿ ಕಾಳುಮೆಣಸು ಹುಡುಕತೊಡಗಿದರು. ನಾನು ಕನಕಾಂಬರ ತೆಗೆದು ಕಿಟಕಿಯ ಮೇಲಿಟ್ಟು, ಹಗಲು ಬೆಳಕಿನಲ್ಲೇ ಕಂಬಳಿ ಹೊದ್ದು ಮಲಗಿಬಿಟ್ಟೆ.