ರಿಟರ್ನಿನಲ್ಲಿ ಬಿಟ್ಟ ಒಂದು ಮಷೀನು

ತೊಂಬತ್ತರ ದಶಕದ ಮೊದಲಲ್ಲಿ ನಾನು ಚಿಕ್ಕೋಡಿಯ ಒಂದು ಅಂಗಡಿಯಲ್ಲಿ ಕಡಬಾಕುಟ್ಟಿ ಮಷೀನು ಮಾರುತ್ತಿದ್ದೆ. ಜೋಳದ ಒಣ ದಂಟಿನ ಕಣಕಿಯನ್ನು ದನಗಳಿಗೆ ಸಣ್ಣಗೆ ಕತ್ತರಿಸುವ ಕರೆಂಟಿನ ಮಷೀನು. ಪಗಾರ ಮಾಲಕರು ಕೊಡುತ್ತಿದ್ದರು. ಅದರ ಮೇಲೆ, ಮಾರಿದ ಒಂದೊಂದು ಮಷೀನಿಗೂ ಅದನ್ನು ತಯಾರಿಸುವ ಕಂಪನಿ ನೇರವಾಗಿ ನನ್ನ ಹೆಸರಿಗೆ ಇನ್ಸೆಂಟಿವ್ ಕಳಿಸುತ್ತಿತ್ತು. ಮಾತು ಬಲ್ಲವನು ಮಾಣಿಕ್ಯ ತಂದ ಎನ್ನುತ್ತಾರಲ್ಲ, ನಾನು ಆ ಪೈಕಿಯವನು. ನನ್ನಷ್ಟು ಮಾರಿದವರು ಅಂಗಡಿಯಲ್ಲಿ ಯಾರೂ ಇಲ್ಲ ಎಂಬ ಸೊಕ್ಕೂ ಇತ್ತು.

ಮೇವನ್ನು ಕಟ್ಟಿಗೆಯಿಂದ ತಳ್ಳಬೇಕು, ಕೈ ಹತ್ತಿರ ಒಯ್ಯಬಾರದು ಎಂದು ಕಂಪನಿಯವರು ಕಲಿಸಿದ್ದರು. ಆದರೆ ಕಟ್ಟಿಗೆ ಕಂಡರೆ ಗಿರಾಕಿ ಹೆದರುತ್ತಾನೆ, ಮಷೀನು ಅಂಗಡಿಯಲ್ಲೇ ಉಳಿಯುತ್ತದೆ. ಅದಕ್ಕೇ ನಾನು ಬರಿಗೈಯಲ್ಲಿ ತಳ್ಳಿ ತೋರಿಸುತ್ತಿದ್ದೆ. ಅಕ್ಕೋಳದ ಒಂದು ಜೈನರ ಮನೆಯಲ್ಲೂ ಹಾಗೇ ಮಾಡಿದೆ. ಆ ಮನೆಯ ಸೊಸೆ ಗೋಡೆಗೆ ಅಂಟಿಕೊಂಡು ನಿಂತಿದ್ದರು.

“ಅಂಜಬ್ಯಾಡ್ರಿ ವೈನಿ, ರೊಟ್ಟಿ ಬಡದಷ್ಟ ಹಗುರ ಐತಿ,” ಎಂದೆ. ಆಕೆ ನಕ್ಕರು. ಮಷೀನು ಮಾರಾಟವಾಯಿತು.

ಎರಡು ತಿಂಗಳಿಗೆ ಸುದ್ದಿ ಬಂತು. ಆಕೆಯ ಬಲಗೈಯ ನಾಲ್ಕು ಬೆರಳು ಮಷೀನಿನಲ್ಲಿ ಹೋಗಿದ್ದವು. ಗಾಯ ಮಾಯ್ದ ಮೇಲೆ, ಧೈರ್ಯ ಮಾಡಿ ನೋಡಲು ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ.

“ಬರ್ರಿ ಅಣ್ಣಾರ,” ಎಂದು ಚಹಾ ತಂದರು. “ಎಡಗೈಲೇ ಕೊಡಾಕತ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ತೋರ್ಸಿದಂಗ ಮಾಡಿದ್ನಿರಿ. ನಾನ ಎಲ್ಲೋ ತಪ್ಪಿದೆ ನೋಡ್ರಿ.”

ತಪ್ಪು ಅವರದಲ್ಲ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅಷ್ಟು ಮಾತುಗಾರ ನಾನು, ಚಹಾ ಕುಡಿದು ಎದ್ದು ಬಂದೆ. ಆಮೇಲೆ ಮಷೀನು ಶುರುವಾದರೆ ಸಾಕು, ಚಹಾದ ಬಸಿಯನ್ನು ಎಡಗೈಯಲ್ಲಿ ಹಿಡಿದ ಆಕೆ ಎದುರಿಗೆ ನಿಲ್ಲುತ್ತಿದ್ದರು. ಗಿರಾಕಿಗಳ ಮುಂದೆಯೇ ನನ್ನ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು.

ಆ ವರ್ಷ ಆದಾಯ ತೆರಿಗೆಯ ರಿಟರ್ನ್ ತುಂಬಿಸಲು ನಿಪ್ಪಾಣಿಯ ವಕೀಲರ ಬಳಿ ಹೋದೆ. ಇನ್ಸೆಂಟಿವ್ ಬಂದ ಮಷೀನುಗಳನ್ನೆಲ್ಲ ನಾನೇ ಬರೆದುಕೊಂಡು ಹೋಗಿದ್ದೆ, ಅಕ್ಕೋಳದ್ದೊಂದನ್ನು ಬಿಟ್ಟು. ವಕೀಲರು ನನ್ನ ಪಟ್ಟಿಯನ್ನು ಕಂಪನಿಯ ಕಾಗದದ ಜೊತೆ ಹೋಲಿಸಿ ನೋಡಿದರು.

“ಅಕ್ಕೋಳದ್ದ ಯಾಕ ಬಿಟ್ಟೀರಿ?”

“ಅದು ನನ್ನ ಗಳಿಕಿ ಅಲ್ರಿ.”

“ರೊಕ್ಕ ಯಾರ ಖಾತೇಕ ಬಂದೈತಿ?”

“ನನ್ನ ಖಾತೇಕ.”

“ಹಂಗಾರ ಗಳಿಕಿ ನಿಮ್ದ. ಇದು ಪಗಾರದಾಗ ಬರೂದಿಲ್ಲ, ಬ್ಯಾರೆ ಮೂಲದ ಆದಾಯದಾಗ ತೋರಸಬೇಕು.”

ನುಂಗಲಾರದ ಬಿಸಿ ತುಪ್ಪ. ಬರೆಯಿರಿ ಎಂದೆ. ಫಾರ್ಮಿನ ಕೊನೆಗೆ ಇಂಗ್ಲಿಷಿನಲ್ಲಿ ಎರಡು ಸಾಲು ಇದ್ದವು. ಅರ್ಥ ಕೇಳಿದೆ.

“ಇದ್ದದ್ದೆಲ್ಲಾ ಖರೇ ಹೇಳೀನಿ, ಏನೂ ಮುಚ್ಚಿಟ್ಟಿಲ್ಲಂತ. ಸಹಿ ಮಾಡ್ರಿ.”

ಬೆರಳುಗಳೆಲ್ಲ ನೆಟ್ಟಗಿದ್ದ ಬಲಗೈಯಿಂದ ಸಹಿ ಮಾಡಿದೆ. ಸರ್ಕಾರಕ್ಕೆ ಪೂರ್ತಿ ಸತ್ಯ ಹೇಳಿದಂತಾಯಿತು. ನನಗೆ ನಾಚಿಕೆಯಾಯಿತು. ಹೇಳಬೇಕಾದ ಜಾಗ ಇದಲ್ಲವೆಂದು ಗೊತ್ತಿತ್ತು.

ನಿಪ್ಪಾಣಿಯ ಸ್ಟ್ಯಾಂಡಿಗೆ ಬಂದಾಗ ಅಕ್ಕೋಳದ ಬಸ್ಸು ಹೊರಡಲು ತಯಾರಾಗಿತ್ತು. ಕಂಡಕ್ಟರು ನನ್ನತ್ತ ನೋಡಿ, “ಬರ್ರಿ, ಜಾಗಾ ಐತಿ,” ಎಂದರು. ನಾನು ಚಿಕ್ಕೋಡಿಯ ಬಸ್ಸು ಹತ್ತಿದೆ.