ಊರಿಲ್ಲದ ಹೆಸರು

ಲಾಕ್‌ಡೌನಿನ ಆ ಕನಸಿನಂಥ ಬೆಳಗುಗಳಲ್ಲಿ, ಐರ್ಲೆಂಡಿನ ಬ್ಯಾಲಿನ್‌ಕೊಲಿಗ್ ಊರಿನ ನಮ್ಮ ಪಕ್ಕದ ಮನೆಯ ಅಜ್ಜ ಹಿತ್ತಲ ಮೋಟುಗೋಡೆಯ ಮೇಲೆ ದೇಶದ ನಕ್ಷೆ ಹರಡುತ್ತಿದ್ದರು. ಅವರ ಸರ್‌ನೇಮ್ ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರು. ಹಳ್ಳಿ ಎಂದೋ ಹುಲ್ಲುಗಾವಲಾಗಿತ್ತು. ಈ ದೇಶದಲ್ಲಿ ಆ ಹೆಸರಿನವರು ಇಬ್ಬರೇ: ಅವರು ಮತ್ತು ಲೀಕ್ಸ್‌ಲಿಪ್ ಊರಿನಲ್ಲಿದ್ದ ಅವರ ತಂಗಿ. ನಕ್ಷೆಯಲ್ಲಿ ಎರಡೇ ಪೆನ್ಸಿಲ್ ಚುಕ್ಕೆ. ಹೇಗಿದ್ದೀರಿ ಎಂದರೆ ಅವನ್ನು ಬೆರಳಿನಿಂದ ಸವರುತ್ತ “ಗ್ರ್ಯಾಂಡ್, ಗ್ರ್ಯಾಂಡ್” ಎನ್ನುವರು; ಚೆನ್ನಾಗಿದ್ದೇನೆ ಎನ್ನಲು ಇಲ್ಲಿನವರ ಮಾತು ಅದು.

ಒಮ್ಮೆ ಕೇಳಿದರು: “ನಿನ್ನ ಹೆಸರಿನ ಮುಂದೆ ಎಚ್ ಅಂತಿದೆಯಲ್ಲ, ಏನದು?”

“ನಮ್ಮೂರಿನ ಹೆಸರು. ಡ್ಯಾಮ್ ಕಟ್ಟಿದಾಗ ಊರು ಮುಳುಗೋಯ್ತು.”

ಅವರು ಪೆನ್ಸಿಲ್ ಎತ್ತಿಕೊಂಡು ಮತ್ತೆ ಗೋಡೆಯ ಮೇಲಿಟ್ಟರು.

ಆ ಚಳಿಗಾಲ ಕೋವಿಡ್‌ನಿಂದ ತಂಗಿ ತೀರಿಕೊಂಡರು. ಮತ್ತೆ ಅಜ್ಜ ನಕ್ಷೆ ಹರಡಿದಾಗ ಲೀಕ್ಸ್‌ಲಿಪ್‌ನ ಚುಕ್ಕೆ ಇರಲಿಲ್ಲ. ಅವರ ಚುಕ್ಕೆಗೆ ಅಂಟಿಕೊಂಡಂತೆ ಹೊಸದೊಂದು ಚುಕ್ಕೆಯಿತ್ತು. ಪಕ್ಕದಲ್ಲಿ, ಅವರದೇ ಕೈಬರಹದಲ್ಲಿ ಒಂದೇ ಅಕ್ಷರ: ಎಚ್.